1098ಕ್ಕೆ ಫೋನ್ ಮಾಡಿದ ಮೇಲೆ

ಮಕ್ಕಳ ರಕ್ಷಣೆಗೆ ದುಡಿಯುವ ಸಂಸ್ಥೆಗಳ ನೆರವು ಪಡೆದವರು, ಪಡೆಯಲು ಹೋಗಿ ತೊಡಕಿಗೆ ಸಿಕ್ಕವರು ಬರೆಯಿರಿ ಎಂದು ಕೇಳಿದ್ದೆವು. ಮುಂಬಯಿ, ಪುಣೆ, ಗೋವಾದ ಓದುಗರು ಬರೆದಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ತೆಗೆದು ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇವೆ. ಬಹಳಷ್ಟು ಪತ್ರಗಳಲ್ಲಿ ಒಂದೇ ಗೊಂದಲ ಕಂಡಿತು. ಸಂಸ್ಥೆಯವರು ಮಗುವನ್ನು ಕರೆದೊಯ್ದರೆ ಇನ್ನು ಮಗು ಅವರ ಕೈಯಲ್ಲಿ, ಕೊಡುವುದೂ ಬಿಡುವುದೂ ಅವರಿಗೆ ಬಿಟ್ಟದ್ದು ಎಂದು ಜನ ತಿಳಿಯುತ್ತಾರೆ. ಹಾಗಿಲ್ಲ. ಮಗುವಿನ ವಿಷಯದಲ್ಲಿ ಆದೇಶ ಕೊಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಮಹಾರಾಷ್ಟ್ರದಲ್ಲಿ ಎಲ್ಲರ ಬಾಯಲ್ಲೂ ಅದು ‘ಬಾಲ ಕಲ್ಯಾಣ ಸಮಿತಿ’. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸಂಸ್ಥೆ ಮಗುವನ್ನು ಅಲ್ಲಿಗೆ ತಲುಪಿಸುತ್ತದೆ, ಜೊತೆಗಿರುತ್ತದೆ, ವರದಿ ಕೊಡುತ್ತದೆ. ಇಷ್ಟು ಗೊತ್ತಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಬಿಲ್ಡಿಂಗಿನ ಕೆಳಗಿರುವ ಹೋಟೆಲಿನಲ್ಲಿ ಹನ್ನೆರಡು-ಹದಿಮೂರರ ಹುಡುಗನೊಬ್ಬ ಬೆಳಗ್ಗೆ ಐದಕ್ಕೇ ಪಾತ್ರೆ ತೊಳೆಯಲು ಕೂರುತ್ತಾನೆ. ಮಾತು ಕಲಬುರಗಿ ಕಡೆಯದು. ಮಾಲೀಕರೂ ನಮ್ಮವರೇ, ಸಂಘದಲ್ಲಿ ದಿನಾ ಸಿಗುವವರು. ಫೋನ್ ಮಾಡಿದರೆ ನನ್ನ ಹೆಸರು ಹೊರಬರುತ್ತದೆಯೇ? ಹುಡುಗನಿಗೇ ತೊಂದರೆಯಾದರೆ?
— ಘಾಟ್ಕೋಪರಿನ ಓದುಗರು

ಫೋನ್ ಮಾಡಿ. 1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಹುಟ್ಟಿದ್ದು ಇದೇ ನಂಬರು. ಈಗ ಮಕ್ಕಳ ರಕ್ಷಣೆಗೆಂದೇ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಡಿ ಸರ್ಕಾರವೇ ನಡೆಸುತ್ತಿದೆ. ಹೆಸರು ಹೇಳಲು ಇಷ್ಟವಿಲ್ಲ ಎಂದರೆ ಹಾಗೆಂದೇ ಹೇಳಿ, ಕರೆ ನಿಲ್ಲುವುದಿಲ್ಲ. ಅವರಿಗೆ ಬೇಕಾಗಿರುವುದು ನಿಮ್ಮ ಹೆಸರಲ್ಲ, ಹುಡುಗ ಎಲ್ಲಿ, ಯಾವ ಹೊತ್ತಿಗೆ ಸಿಗುತ್ತಾನೆ ಎಂಬುದು. ಬೋರ್ಡಿನ ಮೇಲಿನ ಹೆಸರು, ಗಲ್ಲಿ, ಹತ್ತಿರದ ಗುರುತು, ಹಿಂಬಾಗಿಲು ಎತ್ತ ತೆರೆಯುತ್ತದೆ, ವಾರದ ರಜೆ ಯಾವತ್ತು, ರಾತ್ರಿ ಹೋಟೆಲಿನ ಅಟ್ಟದಲ್ಲೇ ಮಲಗುತ್ತಾನೋ ಬೇರೆ ಖೋಲಿಯಲ್ಲೋ, ಅವನಂಥವರು ಇನ್ನೂ ಇದ್ದಾರೋ: ಇಷ್ಟನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತಾಡಿ. ಕನ್ನಡ ಮಾತ್ರ ಬಲ್ಲ ಹುಡುಗ ಎಂಬುದನ್ನು ಮರೆಯದೆ ಹೇಳಿ. ಕರೆಯ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಎರಡು ದಿನದ ಮೇಲೆ ವಿಚಾರಿಸಲು ಅದು ಬೇಕು. ಹುಡುಗನಿಗೆ ಹೊಡೆತ ಬೀಳುತ್ತಿದೆ, ಗಾಯವಾಗಿದೆ ಎಂದಾದರೆ ಕಾಯಬೇಡಿ, 112ಕ್ಕೆ ಮಾಡಿ.

ಇಂಥ ಕಡೆ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ‘ನಮ್ಮವರೇ ಅಲ್ಲವೇ, ಮೊದಲು ಮಾಲೀಕರಿಗೆ ಒಂದು ಮಾತು ಹೇಳಿ ನೋಡೋಣ’ ಎಂದು ಹೋಗುತ್ತಾರೆ. ಅವತ್ತೇ ರಾತ್ರಿ ಹುಡುಗನನ್ನು ಊರಿನ ರೈಲು ಹತ್ತಿಸಿರುತ್ತಾರೆ, ಇಲ್ಲವೇ ಇನ್ನೊಂದು ಹೋಟೆಲಿಗೆ ಕಳಿಸಿರುತ್ತಾರೆ. ಕೈಗೆ ಕೂಲಿಯೂ ಬಂದಿರುವುದಿಲ್ಲ. ನೀವೇ ಹುಡುಗನ ಫೋಟೊ ತೆಗೆಯುವುದು, ಮನೆಗೆ ಕರೆತಂದು ಇಟ್ಟುಕೊಳ್ಳುವುದು ಕೂಡ ಬೇಡ.

ಆಮೇಲಿನ ಕ್ರಮ ಹೀಗೆ. ಕಾರ್ಮಿಕ ಇಲಾಖೆ, ಪೊಲೀಸರು, ಸಂಸ್ಥೆಯವರು ಒಟ್ಟಿಗೆ ಬರುತ್ತಾರೆ. ಹುಡುಗನನ್ನು ಬಿಡಿಸಿ, ದಾರಿಯ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ವಯಸ್ಸಿನ ಬಗ್ಗೆ ತಕರಾರು ಬಂದೇ ಬರುತ್ತದೆ. ‘ಹದಿನೈದು ಅಂತ ಹೇಳು, ನಾನು ನಿನ್ನ ಮಾವ ಅಂತ ಹೇಳು’ ಎಂದು ಹುಡುಗನಿಗೆ ಪಾಠ ಮಾಡಿಸಿರುವುದು ಅಪರೂಪವಲ್ಲ. ಇಂಥ ಮಕ್ಕಳ ರಕ್ಷಣೆಗಿರುವ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲು ನೋಡಬೇಕಾದದ್ದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯ್ತಿ ಕೊಟ್ಟ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಆಧಾರ್ ಕಾರ್ಡು ಈ ಪಟ್ಟಿಯಲ್ಲೇ ಇಲ್ಲ. ಊರಿನ ಶಾಲೆಯ ಹೆಸರು ನಿಮಗೆ ಗೊತ್ತಿದ್ದರೆ ಆ ಒಂದು ಸುಳಿವು ವಾರಗಟ್ಟಲೆ ಓಡಾಟ ಉಳಿಸುತ್ತದೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರು ಮುಂಬಯಿ ಕನ್ನಡಿಗರ ಮನೆಮನೆಯಲ್ಲೂ ಇದ್ದಾರೆ. ಅವರ ಮೇಲಿನ ಗೌರವ ಹಾಗೇ ಇರಲಿ. ಆದರೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ತುಂಬದ ಮಗುವನ್ನು ಹೋಟೆಲಿನಲ್ಲಿ ಯಾವ ಕೆಲಸಕ್ಕೆ ಇಟ್ಟುಕೊಂಡರೂ ಅಪರಾಧ. ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ ₹20,000ದಿಂದ ₹50,000 ದಂಡ, ಅಥವಾ ಎರಡೂ. ದಂಡದ ಹಣ ಮಗುವಿನ ಪುನರ್ವಸತಿ ನಿಧಿಗೆ ಹೋಗುತ್ತದೆ, ಸರ್ಕಾರ ಅದಕ್ಕೆ ₹15,000 ಸೇರಿಸುತ್ತದೆ. ಬರಬೇಕಾದ ಕೂಲಿ ಎಷ್ಟು ತಿಂಗಳದ್ದು ಎಂಬುದನ್ನು ಬಿಡುಗಡೆಯ ದಿನವೇ ಹೇಳಿಕೆಯಲ್ಲಿ ಬರೆಸಬೇಕು. ಆಮೇಲೆ ಹೇಳಿದರೆ ಲೆಕ್ಕ ಹಿಡಿಯುವುದು ಕಷ್ಟ.

ನಾವು ಬಿಜಾಪುರ ಜಿಲ್ಲಾದವ್ರು, ಹಿಂಜವಡಿ ಕಡೆ ಬಿಲ್ಡಿಂಗ್ ಕೆಲಸಕ್ಕ ಬಂದೀವ್ರಿ. ಏಳು ವರ್ಷದ ಮಗಳು ಪುಣೆ ಸ್ಟೇಶನ್ನಾಗ ಕೈ ತಪ್ಪಿದ್ಲು. ಸಂಸ್ಥಾದವ್ರು ಬಾಲಗೃಹಕ್ಕ ಹಾಕ್ಯಾರಂತ ಗೊತ್ತಾತು. ಮೂರು ವಾರ ಆತ್ರಿ. ಹೋದ್ರ ‘ಸಮಿತಿ ಆರ್ಡರ್ ತರ್ರಿ’ ಅಂತಾರ. ನಮ್ಮ ಮಗಳನ್ನ ನಮಗ ಕೊಡಾಕ ಇವ್ರದೇನ್ರಿ?
— ಓದುಗರೊಬ್ಬರು ಬರೆದುಕೊಟ್ಟ ಪತ್ರ, ಪುಣೆ

ನಿಮ್ಮ ಸಂಕಟ ನ್ಯಾಯವಾದದ್ದೇ. ಆದರೂ ಬಾಲಗೃಹದವರು ಆದೇಶ ಕೇಳುವುದು ಸರಿಯಾದ ಕ್ರಮವೇ. ಅವರು ಕೇಳದೆ ಕೊಡುವಂತಿದ್ದರೆ ‘ನಾನು ಚಿಕ್ಕಪ್ಪ’ ಎಂದು ಬಂದ ಯಾರ ಕೈಗಾದರೂ ಮಗು ಹೋಗಿಬಿಡುತ್ತಿತ್ತು. ನೀವು ಹೋಗಬೇಕಾದದ್ದು ಸಮಿತಿ ಕೂರುವ ಕಡೆ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕೆಂದು ನಿಯಮವಿದೆ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬಾಲಗೃಹದಲ್ಲೇ ಕೇಳಿ. ಕೇಳುವಾಗ ಮೂರು ವಿಷಯ ಬರೆಸಿಕೊಳ್ಳಿ: ಪ್ರಕರಣದ ನಂಬರು, ಮುಂದಿನ ತಾರೀಖು, ಸಾಮಾಜಿಕ ತನಿಖಾ ವರದಿ ಯಾರು ಬರೆಯುತ್ತಿದ್ದಾರೆ ಎಂಬುದು. ಮನೆ ಹೇಗಿದೆ, ಮಗು ಹೇಗೆ ತಪ್ಪಿಹೋಯಿತು, ವಾಪಸ್ ಕಳಿಸಿದರೆ ಕ್ಷೇಮವೇ ಎಂಬುದೆಲ್ಲ ಆ ವರದಿಯಲ್ಲಿರುತ್ತದೆ. 15 ದಿನದೊಳಗೆ ಅದು ಆಗಬೇಕು. ಮೂರು ವಾರವಾಗಿದೆ ಎಂದರೆ ಅಲ್ಲೇ ಎಲ್ಲೋ ನಿಂತಿದೆ.

ನಿಲ್ಲುವುದು ಯಾಕೆಂದರೆ, ಒಂದು, ವರದಿ ಬರೆಯುವವರು ಮನೆ ನೋಡಲು ಬಂದಾಗ ಕುಟುಂಬ ಸೈಟ್ ಬದಲಿಸಿರುತ್ತದೆ, ಇಲ್ಲವೇ ಹಗಲು ಹೊತ್ತು ಶೆಡ್ಡಿಗೆ ಬೀಗ. ಅದಕ್ಕೇ ಮೇಸ್ತ್ರಿ ಅಥವಾ ಗುತ್ತಿಗೆದಾರರಿಂದ ‘ಇವರು ಇಂಥ ಸೈಟಿನ ಇಂಥ ಶೆಡ್ಡಿನಲ್ಲಿದ್ದಾರೆ’ ಎಂಬ ಪತ್ರ ತೆಗೆದುಕೊಳ್ಳಿ. ತಾಯಿ ಒಂದು ದಿನದ ಪಗಾರ ಬಿಟ್ಟರೂ ಸರಿ, ಮನೆಯಲ್ಲಿರಲಿ. ಎರಡನೆಯ ಕಾರಣವನ್ನು ಹೊರಗಿನವರು ಊಹಿಸಲಾರರು. ಮಗು ‘ಬಿಜಾಪುರ’ ಎನ್ನುತ್ತದೆ. ಜಿಲ್ಲೆಯ ಹೆಸರು 2014ರಿಂದ ವಿಜಯಪುರ. ಬಿಜಾಪುರ ಎಂಬ ಜಿಲ್ಲೆ ಈಗ ಛತ್ತೀಸಗಡದಲ್ಲಿದೆ. ಮರಾಠಿಯಲ್ಲಿ ರಿಜಿಸ್ಟರ್ ತುಂಬುವವರು ಅತ್ತ ಬರೆದುಬಿಟ್ಟರೆ ಪತ್ರ ಅತ್ತಲೇ ಹೋಗುತ್ತದೆ, ಉತ್ತರ ಬರುವುದಿಲ್ಲ. ಹೆಸರೂ ಹಾಗೆಯೇ ತಿರುಚುತ್ತದೆ. ದಾಖಲೆಯಲ್ಲಿ ಮಗುವಿನ ಹೆಸರು, ಊರು, ತಾಲ್ಲೂಕು, ರಾಜ್ಯ ಏನೆಂದು ಬರೆದಿದ್ದಾರೆ ಎಂದು ಓದಿಸಿ ಕೇಳಿ. ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಕೊಡಿ.

ಕನ್ನಡ ಬಲ್ಲ ದುಭಾಷಿ ಬೇಕು ಎಂದು ಸಮಿತಿಯನ್ನು ಕೇಳಬಹುದು. ಪುಣೆಯ ಕನ್ನಡಿಗ ಓದುಗರಿಗೆ ಇಲ್ಲೊಂದು ಮಾತು: ಇಂಥ ಹೊತ್ತಿನಲ್ಲಿ ಸಂಸ್ಥೆಗಳಿಗೆ ಹಣಕ್ಕಿಂತ ನಿಮ್ಮ ನಾಲಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಳು ವರ್ಷದ ಮಗುವನ್ನು ‘ನಿನ್ನ ಜಿಲ್ಲೆ ಯಾವುದು’ ಎಂದು ಕೇಳಿ ಫಲವಿಲ್ಲ. ‘ಸಂತಿಗೆ ಯಾವ ಊರಿಗೆ ಹೋಗ್ತೀರಿ? ಸಂತಿ ಯಾವ ವಾರ? ಜಾತ್ರಿ ಯಾವ ದೇವ್ರದು? ಊರಿಗೆ ಬಸ್ ಬರ್ತದೋ, ಟಂಟಂ ಬರ್ತದೋ?’ ಎಂದು ಕೇಳಿದರೆ ಬಾಯಿ ಬಿಡುತ್ತದೆ. ಸೋಮವಾರದ ಸಂತೆ, ಇಂಥ ದೇವರ ತೇರು, ಕೆನಾಲ್ ದಾಟಿದರೆ ಶಾಲೆ ಎಂಬಷ್ಟು ಸಿಕ್ಕರೆ ತಾಲ್ಲೂಕು ಗೊತ್ತಾಯಿತೆಂದೇ ಲೆಕ್ಕ.

ಅರ್ಜಿಯ ಜೊತೆ ಒಯ್ಯಬೇಕಾದವು: ತಂದೆ-ತಾಯಿ ಇಬ್ಬರ ಆಧಾರ್, ರೇಷನ್ ಕಾರ್ಡು, ಮಗುವಿನ ಜನನ ಪತ್ರ ಅಥವಾ ಶಾಲೆಯ ದಾಖಲೆ, ಅದೂ ಇಲ್ಲದಿದ್ದರೆ ತಾಯಿ ಕಾರ್ಡು, ಮಗು ಜೊತೆಗಿರುವ ಹಳೆಯ ಫೋಟೊ. ಮದುವೆಯದ್ದೋ ಜಾತ್ರೆಯದ್ದೋ, ಯಾವುದಾದರೂ ಆದೀತು. ಎಲ್ಲದರದ್ದೂ ಎರಡೆರಡು ಝೆರಾಕ್ಸ್, ಮೂಲ ಪ್ರತಿಯನ್ನು ತೋರಿಸಿ, ಕೈಬಿಡಬೇಡಿ. ಊರಿನ ಪಂಚಾಯ್ತಿಯಿಂದ ಒಂದು ಪತ್ರ ವಾಟ್ಸಪ್ಪಿನಲ್ಲಿ ತರಿಸಿಕೊಂಡರೂ ತಾತ್ಕಾಲಿಕವಾಗಿ ನಡೆಯುತ್ತದೆ. ಊರಲ್ಲಿ ಅಜ್ಜ-ಅಜ್ಜಿಯ ಬಳಿ ಮಗುವನ್ನು ಬಿಡುವ ಯೋಚನೆ ಇದ್ದರೆ, ಬಾಲನ್ಯಾಯ ಕಾಯ್ದೆಯ 95ನೇ ಕಲಂ ಅಡಿ ಪ್ರಕರಣವನ್ನು ವಿಜಯಪುರದ ಸಮಿತಿಗೆ ವರ್ಗಾಯಿಸಿ ಎಂದು ಕೇಳಬಹುದು. ಆಗ ಮಗುವನ್ನು ಕರೆದೊಯ್ಯುವ ಕಾವಲು, ಪ್ರಯಾಣ ಭತ್ಯೆ ಸರ್ಕಾರದ್ದು.

ಇದಕ್ಕೆಲ್ಲ ಶುಲ್ಕವಿಲ್ಲ. ‘ಬೇಗ ಮಾಡಿಸಿಕೊಡ್ತೀನಿ’ ಎಂದು ಹೊರಗೆ ನಿಂತವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು. ತಂದೆ-ತಾಯಿ ಎದುರಿಗಿದ್ದು ಕಾಗದ ಸರಿ ಇದ್ದರೆ ಅಷ್ಟು ದಿನ ಕಾಯುವ ಕಾರಣವಿಲ್ಲ. ಸಮಿತಿಯ ನಡವಳಿಕೆಯ ಮೇಲೆ ದೂರಿದ್ದರೆ ಜಿಲ್ಲಾಧಿಕಾರಿಗೆ ಕೊಡಬಹುದು. ಕಾಯ್ದೆಯ ಪ್ರಕಾರ ಆ ಅಧಿಕಾರ ಅವರದು. ಆದೇಶವೇ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ಅಲ್ಲಿಯವರೆಗೆ ಮಗುವನ್ನು ಭೇಟಿ ಮಾಡಲು ಅನುಮತಿ ಕೇಳಿ. ತಾಯಿ ಒಂದು ಸಲ ಹೋಗಿ ಮುಖ ತೋರಿಸಿ ಬಂದರೂ ಮಗು ಉಣ್ಣಲು ಶುರು ಮಾಡುತ್ತದೆ.

ಪರಿಚಯದ ಹುಡುಗಿಯೊಬ್ಬಳು ಮದುವೆಗೆ ಮೊದಲೇ ಗರ್ಭಿಣಿ. ಮಗುವನ್ನು ಸಾಕಲು ಮಕ್ಕಳಿಲ್ಲದ ದಂಪತಿ ತಯಾರಿದ್ದಾರೆ. ನೇರವಾಗಿ ಕೊಟ್ಟರೆ ತಪ್ಪೇ?
— ಡೊಂಬಿವಲಿ

ತಪ್ಪು, ಎರಡೂ ಕಡೆಯವರಿಗೆ. ಅನಾಥ, ತೊರೆದ ಅಥವಾ ಒಪ್ಪಿಸಿದ ಮಗುವನ್ನು ಬಾಲನ್ಯಾಯ ಕಾಯ್ದೆಯ ಹೊರಗೆ ದತ್ತು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಹಣ ಕೈಬದಲಾದರೆ ಅದು ಮಗುವಿನ ಮಾರಾಟವಾಗುತ್ತದೆ. ಹೆರಿಗೆಯ ನಂತರ ತಾಯಿಯೇ ಸಮಿತಿಯ ಮುಂದೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕಬಹುದು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳ ಅವಕಾಶವಿದೆ. ಹೆಸರು ಗುಟ್ಟಾಗಿರುತ್ತದೆ. ಆ ದಂಪತಿ ಕೇಂದ್ರ ದತ್ತು ಪ್ರಾಧಿಕಾರ ‘ಕಾರಾ’ದ ಪೋರ್ಟಲಿನಲ್ಲಿ ನೋಂದಾಯಿಸಲಿ. ಆದರೆ ಇದೇ ಮಗು ಬೇಕೆಂದು ಕೇಳುವಂತಿಲ್ಲ. ಹುಡುಗಿಗೆ 18 ತುಂಬಿಲ್ಲವಾದರೆ ವಿಷಯವೇ ಬೇರೆ. ಮುಂದಿನ ಉತ್ತರ ಓದಿ.

ವಾಸ್ಕೋದಲ್ಲಿ ನಮ್ಮ ಪಕ್ಕದ ಖೋಲಿಯವರು ಹಾವೇರಿ ಕಡೆಯವರು. ಅವರ ಒಂಬತ್ತು ವರ್ಷದ ಮಗಳ ಮೈಮೇಲೆ ಪರಿಚಯದವನೇ ಕೆಟ್ಟದಾಗಿ ಕೈ ಹಾಕಿದ್ದಾನೆಂದು ಮಗು ಹೇಳಿದೆ. ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಪೊಲೀಸ್ ಠಾಣೆ, ಆಸ್ಪತ್ರೆ ಎಂದರೆ ನಡುಗುತ್ತಾಳೆ. ಹಿರಿಯರು ಕೂತು ಮಾತಾಡಿ ಮುಗಿಸೋಣ ಎನ್ನುತ್ತಿದ್ದಾರೆ.
— ವಾಸ್ಕೋ ಡ ಗಾಮಾ, ಗೋವಾ

ಕೂತು ಮಾತಾಡಿ ಮುಗಿಸುವ ವಿಷಯ ಇದಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಇರುವ ಪೋಕ್ಸೋ ಕಾಯ್ದೆಯಲ್ಲಿ ಹಿರಿಯರ ಪಂಚಾಯ್ತಿಗೆ ಜಾಗವಿಲ್ಲ. ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಈಗ ನಿಮಗೂ ಗೊತ್ತಿದೆ, ಆದ್ದರಿಂದ ತಿಳಿಸುವ ಹೊಣೆ ನಿಮ್ಮದೂ ಹೌದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕಾನೂನು ಕ್ರಮವಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. 1098ಕ್ಕೋ 112ಕ್ಕೋ ಕರೆ ಮಾಡಿ.

ಮಗುವನ್ನು ಠಾಣೆಗೆ ಕರೆದೊಯ್ಯಲೇಬೇಕೆಂದಿಲ್ಲ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಒಪ್ಪುವ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು. ಸಮವಸ್ತ್ರ ಇರಬಾರದು. ತಾಯಿ ಅಥವಾ ಮಗು ನಂಬುವವರು ಪಕ್ಕದಲ್ಲಿರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆಯುತ್ತಿದ್ದರೆ ಅನುವಾದಕರನ್ನು ಕೊಡಲೇಬೇಕು. ಕೊಂಕಣಿಯಲ್ಲೋ ಹಿಂದಿಯಲ್ಲೋ ಕೇಳಿ ‘ಹೂಂ’ ಅನ್ನಿಸಿಕೊಂಡು ಬರೆದ ಹೇಳಿಕೆ ಮುಂದೆ ನ್ಯಾಯಾಲಯದಲ್ಲಿ ಕಾಲೆಳೆಯುತ್ತದೆ. ಮಗು ಹೇಳಿದ ಮಾತು ‘ಅಲ್ಲಿ ನೋವಾತು’ ಎಂದಿದ್ದರೆ ಅದೇ ಮಾತು ಬರಬೇಕು, ದೊಡ್ಡವರ ಭಾಷೆಗೆ ತಿದ್ದಬಾರದು. ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ‘ನಮ್ಮ ಹದ್ದಿಗೆ ಬರುವುದಿಲ್ಲ’ ಎಂದರೆ ಝೀರೋ ಎಫ್‌ಐಆರ್ ಕೇಳಿ, ಅಂದರೆ ಅಲ್ಲೇ ದೂರು ದಾಖಲಿಸಿ ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವುದು.

ಆಸ್ಪತ್ರೆಗೆ ಹೋಗಲು ಎಫ್‌ಐಆರ್ ತನಕ ಕಾಯುವುದು ಬೇಡ. ತುರ್ತು ಚಿಕಿತ್ಸೆಗೆ ಕಾಗದ ತನ್ನಿ ಎಂದು ಯಾವ ಆಸ್ಪತ್ರೆಯೂ ಕೇಳುವಂತಿಲ್ಲ, ಚಿಕಿತ್ಸೆ ಉಚಿತ. ಘಟನೆ ಈಚಿನದಾಗಿದ್ದರೆ ಸ್ನಾನ ಮಾಡಿಸಬೇಡಿ. ಸೋಂಕು ತಡೆಯುವ ಕೆಲವು ಔಷಧಿಗಳು 72 ಗಂಟೆಯೊಳಗೆ ಶುರುವಾದರೆ ಮಾತ್ರ ಕೆಲಸ ಮಾಡುತ್ತವೆ. ದಿನ ಕಳೆದಿದ್ದರೂ ಹೋಗಿ. ಹೆಣ್ಣುಮಗುವನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು. ಅಂದು ತೊಟ್ಟಿದ್ದ ಬಟ್ಟೆ ಒಗೆಯಬೇಡಿ; ಒದ್ದೆಯಿದ್ದರೆ ನೆರಳಲ್ಲಿ ಆರಿಸಿ ಕಾಗದದ ಚೀಲದಲ್ಲೋ ಪೇಪರಿನಲ್ಲೋ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ಗೋವಾದ ಸೆಕೆಗೆ ಒಳಗೆ ತೇವ ಕಟ್ಟಿ ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ.

ಪ್ರೀತಿಯಿಂದಲೇ ನಡೆಯುವ ಒಂದು ತಪ್ಪಿದೆ. ತಾಯಿ ಒಮ್ಮೆ, ಅತ್ತೆ ಒಮ್ಮೆ, ಮಾವ ಒಮ್ಮೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಇನ್ನೊಮ್ಮೆ ಎಂದು ಮಗುವಿನ ಬಾಯಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಾರೆ. ಮಗು ಒಡೆಯುತ್ತದೆ, ಮಾತೂ ಬದಲಾಗುತ್ತ ಹೋಗುತ್ತದೆ. ‘ನೀ ಹೇಳಿದ್ದು ಛಲೋ ಆತು, ನಿಂದೇನೂ ತಪ್ಪಿಲ್ಲ’ ಎಂದು ಹೇಳಿ ಸುಮ್ಮನಾಗಿ.

ಪೊಲೀಸರು 24 ಗಂಟೆಯೊಳಗೆ ಸಮಿತಿಗೆ ವರದಿ ಮಾಡಬೇಕು. ಸಂಸ್ಥೆಯ ನೆರವು ನಿಜಕ್ಕೂ ತೂಕಕ್ಕೆ ಬರುವುದು ಇಲ್ಲಿಂದ ಮುಂದೆ. ಕುಟುಂಬ ಒಪ್ಪಿದರೆ ಸಮಿತಿ ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸುತ್ತದೆ. ಆಸ್ಪತ್ರೆ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ವಿಚಾರಣೆ ಮುಗಿಯುವ ತನಕ ಜೊತೆಗಿರುವುದು ಇವರ ಕೆಲಸ. ಕನ್ನಡ ಬಲ್ಲವರೇ ಬೇಕೆಂದು ಬರೆದು ಕೇಳಿ. ಗೋವಾದಲ್ಲಿ 2003ರಿಂದಲೇ ಪ್ರತ್ಯೇಕ ಮಕ್ಕಳ ಕಾಯ್ದೆ, ಅದಕ್ಕೊಂದು ಮಕ್ಕಳ ನ್ಯಾಯಾಲಯ ಇವೆ. ವಿಚಾರಣೆ ಬಾಗಿಲು ಮುಚ್ಚಿ ನಡೆಯುತ್ತದೆ, ಮಗು ಆರೋಪಿಯ ಮುಖ ನೋಡಬೇಕಾಗಿಲ್ಲ. ಮಧ್ಯಂತರ ಪರಿಹಾರವನ್ನು ವಿಚಾರಣೆ ಮುಗಿಯುವ ಮೊದಲೇ ಕೇಳಬಹುದು. ಹಾವೇರಿಗೆ ವಾಪಸ್ ಹೋಗುವುದಾದರೆ ವಿಳಾಸ, ಫೋನ್ ನಂಬರನ್ನು ಬೆಂಬಲ ವ್ಯಕ್ತಿಗೆ ಬರೆದುಕೊಡಲಿ. ಸಮನ್ಸ್ ಹಳೆಯ ಖೋಲಿಗೆ ಹೋಗಿ ಮರಳಿದರೆ ಪ್ರಕರಣ ಅಲ್ಲೇ ಸೊರಗುತ್ತದೆ.

ಮಗ ತೀರಿಕೊಂಡ. ಸೊಸೆ ದುಡಿಯುತ್ತಾಳೆ, ಸಾಲದು. ಎರಡು ಮೊಮ್ಮಕ್ಕಳು. ಸಂಸ್ಥೆಯವರು ಹಾಸ್ಟೆಲಿಗೆ ಹಾಕಿ ಎನ್ನುತ್ತಾರೆ. ಮನೆಯಲ್ಲೇ ಇಟ್ಟುಕೊಳ್ಳಲು ದಾರಿ ಇಲ್ಲವೇ?
— ಠಾಣೆಯ ಹಿರಿಯ ಓದುಗರು

ಇದೆ, ಅಜ್ಜಿ, ಅದೇ ಮೊದಲ ದಾರಿ ಆಗಬೇಕು. ಬಾಲಗೃಹ ಕೊನೆಯ ಉಪಾಯ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲ ತತ್ವ. ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ ₹2,250 ಬರುತ್ತದೆ. ತಂದೆ-ತಾಯಿಯಲ್ಲಿ ಒಬ್ಬರು ತೀರಿಕೊಂಡಿದ್ದರೂ ಅರ್ಹತೆ ಇದೆ. ಮಿಷನ್ ವಾತ್ಸಲ್ಯದ ‘ಪ್ರಾಯೋಜಕತ್ವ’ (ಸ್ಪಾನ್ಸರ್‌ಶಿಪ್) ಎಂಬ ನೆರವಿನಲ್ಲಿ ತಿಂಗಳಿಗೆ ₹4,000. ಅದಕ್ಕೆ ಕುಟುಂಬದ ವರ್ಷದ ಆದಾಯ ನಗರದಲ್ಲಿ ₹96,000, ಹಳ್ಳಿಯಲ್ಲಿ ₹72,000 ಮೀರಬಾರದು. ಎರಡರ ಅರ್ಜಿಗೂ ಜಿಲ್ಲಾ ಮಹಿಳಾ ಮತ್ತು ಬಾಲ ವಿಕಾಸ ಕಚೇರಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮರಣ ಪತ್ರ, ತಹಶೀಲ್ದಾರರ ಆದಾಯ ಪತ್ರ, ಶಾಲೆಯ ಬೋನಾಫೈಡ್, ಪಾಸ್‌ಬುಕ್ ಸಿದ್ಧವಿರಲಿ. ಮಗ ಊರಲ್ಲಿ ತೀರಿಕೊಂಡಿದ್ದರೆ ಮರಣ ಪತ್ರ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಪ್ರತಿ ಕೇಳಿ ತರಿಸಿಕೊಳ್ಳಿ. ಶಾಲೆ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಮಗುವಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಊರ ಹೆಸರು ಮುಂದೆ ಬರುವುದು ನಮ್ಮವರಲ್ಲಿ ಸಾಮಾನ್ಯ. ಮಂಜೂರಾದ ಹಣವೂ ಅಲ್ಲಿ ನಿಂತುಬಿಡುತ್ತದೆ.

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಸಂಸ್ಥೆಯವರು ಮಕ್ಕಳ ಫೋಟೊ, ಹೆಸರು, ಪ್ರತಿಯೊಬ್ಬರ ಕಥೆ ಹಾಕಿದ ಬ್ಯಾನರ್ ಹಿಡಿದು ದೇಣಿಗೆ ಕೇಳಲು ಬಂದರು. ಕೊಡಬಹುದೇ?
— ದಾದರ್

ಆ ಬ್ಯಾನರೇ ಉತ್ತರ ಹೇಳುತ್ತದೆ. ರಕ್ಷಣೆಯಲ್ಲಿರುವ ಮಗುವಿನ ಹೆಸರು, ಶಾಲೆ, ಚಿತ್ರ ಹೊರಗೆಡಹುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಮಕ್ಕಳನ್ನು ಇಟ್ಟುಕೊಂಡಿರುವ ಸಂಸ್ಥೆಯಾದರೆ ಅದೇ ಕಾಯ್ದೆಯಡಿ ನೋಂದಣಿ ಇರಲೇಬೇಕು. ಟ್ರಸ್ಟಿನ ನೋಂದಣಿಯ ಕಾಗದ ತೋರಿಸಿದರೆ ಸಾಲದು, ಇದು ಬೇರೆ. ಅದರ ನಂಬರು, ಅವಧಿ ಕೇಳಿ ನೋಡಿ. ₹2,000 ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ, ಆದ್ದರಿಂದ ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ. ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಂಡಿದ್ದಾರೆ ಎಂದು ಗೊತ್ತಾದರೆ 1098ಕ್ಕೆ ತಿಳಿಸಿ, ಆ ಕರೆಗೂ ನೋಂದಣಿ ಸಂಖ್ಯೆ ಬರೆದುಕೊಳ್ಳಿ.